ಆರ್ಗನ್‌ಗೂ ಒಂದು ಪುಟ ಕೊಡಿ
ಮಾನ್ಯ ಸಂಪಾದಕರೇ,

ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚ್ ಮತ್ತೆ ಬಾಗಿಲು ತೆರೆದ ಬಗೆಗಿನ ವರದಿಯಲ್ಲಿ ಅಲ್ಲಿನ ದೊಡ್ಡ ಪೈಪ್ ಆರ್ಗನ್‌ಗೆ (ಕೀಲಿ ಒತ್ತಿದಾಗ ಕೊಳವೆಗಳಲ್ಲಿ ಗಾಳಿ ಹಾಯ್ದು ನುಡಿಯುವ ವಾದ್ಯ) ಒಂದೇ ಸಾಲು ಸಿಕ್ಕಿದ್ದು ಬೇಸರ ತಂದಿತು. ಆರ್ಗನ್ ಕಟ್ಟುವ ಫ್ರೆಂಚ್ ಕುಶಲಿ ಆರಿಸ್ತೀದ್ ಕವಾಯೆ-ಕೋಲ್ ಅದನ್ನು ಹೊಸದಾಗಿ ಕಟ್ಟಿ ಮುಗಿಸಿದ್ದು 1868ರಲ್ಲಿ. ಹಳೆಯ ಕೊಳವೆಗಳನ್ನು ಅವರು ಸುಮ್ನೆ ಎಸೆಯಲಿಲ್ಲ, ಎಷ್ಟೋ ಕೊಳವೆಗಳನ್ನು ಉಳಿಸಿಕೊಂಡರು. ಕೀಲಿ ಒತ್ತಿ ಒತ್ತಿ ಬೆರಳು ಸೋಲಬಾರದೆಂದು ಗಾಳಿಯ ಬಲವನ್ನೇ ನೆರವಿಗೆ ತಂದರು. ಜಾಣತನ ಅಲ್ವಾ?

2019ರಲ್ಲಿ ಚರ್ಚಿಗೆ ಬಿದ್ದ ಬೆಂಕಿಯಲ್ಲಿ ಆರ್ಗನ್ ಸುಡಲಿಲ್ಲ. ಆದರೆ ಮೈತುಂಬ ಸೀಸದ ಧೂಳು. ಸುಮಾರು 8,000 ಕೊಳವೆಗಳಲ್ಲಿ ಹೆಚ್ಚಿನವನ್ನು ಕಳಚಿ, ಶುಚಿ ಮಾಡಿ, ಮತ್ತೆ ಜೋಡಿಸಿದರು. ಶ್ರುತಿ ಕೂಡಿಸಿದ್ದು ರಾತ್ರಿ ಹೊತ್ತು, ಸದ್ದಿಲ್ಲದಾಗ.

ಈ ಕಥೆಗೆ ಭಾನುವಾರದ ಪುರವಣಿಯಲ್ಲಿ ಒಂದು ಪುಟ ಕೊಡಿ. ಆರ್ಗನ್ನಿನ ಒಳಭಾಗದ ಚಿತ್ರವೂ ಇರಲಿ.

– ಒಬ್ಬ ಓದುಗ