ಮಗಳಿಗೊಂದು ಪತ್ರ: ಮೊದಲು ಮಷಿನ್‌ಗಳ ಜಾಗ, ಆಮೇಲೆ ಟೈಲ್ಸ್ ಬಣ್ಣ

ಪುಟ್ಟಿ,

ನೀನು ಕಳಿಸಿದ ಟೈಲ್ಸ್ ಫೋಟೋಗಳನ್ನೆಲ್ಲ ನೋಡಿದೆ. ಬೂದು ಬಣ್ಣದ್ದು ಚೆನ್ನಾಗಿದೆ, ಬಿಳಿಯದೂ ತೆಗೆದುಹಾಕುವಂಥದ್ದಲ್ಲ. ಆದರೆ ಬಣ್ಣದ ಮಾತು ಕೊನೆಗಿರಲಿ. ಮೊದಲು ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿ, ವಾಷಿಂಗ್ ಮಷಿನ್ ಎಲ್ಲಿ ಕೂರುತ್ತದೆ, ಫ್ರಿಜ್ ಎಲ್ಲಿ, ಗೀಸರ್ ಎಲ್ಲಿ ಅಂತ ಗುರುತು ಹಾಕು. ನೀರಿನ ಸಂಪರ್ಕ ಇರುವ ಪ್ರತಿಯೊಂದಕ್ಕೂ ಎರಡು ಬಾಣ ಬರೆ: ನೀರು ಬರುವುದು ಎಲ್ಲಿಂದ, ಹೋಗುವುದು ಎಲ್ಲಿಗೆ. ಎರಡನೇ ಬಾಣಕ್ಕೆ ಉತ್ತರ ಸಿಗದ ಮಷಿನ್ ಇದ್ದರೆ, ಅದರ ಜಾಗ ಈಗಲೇ ಬದಲಾಗಬೇಕು. ನೆಲ ಮುಗಿದ ಮೇಲೆ ಡ್ರೈನ್ ಪೈಪಿಗಾಗಿ ಹೊಸ ಟೈಲ್ಸ್ ಒಡೆಸುವ ಫಜೀತಿ ಯಾರಿಗೂ ಬೇಡ.

ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ. ಆಳ ಅಷ್ಟೇ ಅಂತ ಪುಸ್ತಕದಲ್ಲಿ ಬರೆದಿದ್ದರೂ ಹಿಂದಿನ ಪೈಪುಗಳಿಗೆ ಇನ್ನೊಂದು 8-10 ಸೆಂ.ಮೀ. ಬೇಕೇ ಬೇಕು. ಪೈಪು ಗೋಡೆಗೆ ಒತ್ತಿ ಮಡಚಿದರೆ ನೀರು ತುಂಬುವುದು ನಿಧಾನವಾಗುತ್ತದೆ, ಮಷಿನ್ ದೋಷ ತೋರಿಸಿ ನಿಲ್ಲುತ್ತದೆ. ನಲ್ಲಿಯಲ್ಲಿ ಒತ್ತಡ ಎಷ್ಟಿದೆ ಅಂತಲೂ ನೋಡಿಕೋ. ಹಲವು ಮಷಿನ್‌ಗಳಿಗೆ ಕನಿಷ್ಠ 0.3 ಬಾರ್ ಬೇಕು. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಸುಮಾರು 3 ಮೀಟರ್ ಮೇಲಿದ್ದರೆ ಅಷ್ಟು ಸಿಗುತ್ತದೆ. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಮಷಿನ್ ಇಡುವುದಾದರೆ ಇದನ್ನು ಕೊಳ್ಳುವ ಮೊದಲೇ ಅಳೆದುಬಿಡು.

ಈಗ ಟೈಲ್ಸ್. ಸೆರಾಮಿಕ್ಕೋ ವಿಟ್ರಿಫೈಡ್ಡೋ ಅಂತ ಅಂಗಡಿಯವರ ಮಾತಿನಿಂದ ತಿಳಿಯಬೇಕಿಲ್ಲ. ಟೈಲ್ ಮಗುಚಿ ಹಿಂಬದಿಯ ಒರಟು ಮೈಮೇಲೆ ನಾಲ್ಕು ಹನಿ ನೀರು ಬಿಡು. ಸೆರಾಮಿಕ್ ಆದರೆ ನೀರು ಬೇಗ ಇಂಗಿ ಗಾಢವಾದ ಕಲೆ ಉಳಿಯುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ಕೂತಿರುತ್ತದೆ, ಯಾಕೆಂದರೆ ಅದು ಹೀರುವ ನೀರು ತನ್ನ ತೂಕದ 0.5 ಶೇಕಡಾಕ್ಕಿಂತ ಕಡಿಮೆ. ಓಡಾಟದ ನೆಲಕ್ಕೆ ವಿಟ್ರಿಫೈಡ್ ಸಾಕು ಅಂತ ಕಣ್ಣುಮುಚ್ಚಿ ಹೇಳಬಹುದು, ಆದರೆ ಅದರಲ್ಲೂ ಬಗೆಗಳಿವೆ. ಗ್ಲೇಜ್ಡ್ ಟೈಲಿನಲ್ಲಿ ಚಿತ್ರ ಇರುವುದು ಒಂದು ಮಿಲಿಮೀಟರಿಗಿಂತ ತೆಳುವಾದ ಪದರದಲ್ಲಿ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರವೇ 3-4 ಮಿ.ಮೀ. ಇರುತ್ತದೆ. ಫುಲ್ ಬಾಡಿಯಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣ. ಹೊರಗಿನ ಧೂಳು ಕಾಲಲ್ಲಿ ಬರುವ ಮುಂಬಾಗಿಲ ಬಳಿ, ಕುರ್ಚಿ ಎಳೆದಾಡುವ ಜಾಗದಲ್ಲಿ ಡಬಲ್ ಚಾರ್ಜ್ ಅಥವಾ ಫುಲ್ ಬಾಡಿ ಹಾಕಿಸು. ಮಲಗುವ ಕೋಣೆಗೆ ಚಿತ್ರದ ಟೈಲ್ಸ್ ಧಾರಾಳವಾಗಿ ನಡೆಯುತ್ತದೆ.

ನೆಲದ ಹೊಳಪು ಕೆಡಿಸುವುದು ಕಾಲಲ್ಲ, ಕಾಲಿಗಂಟಿದ ಮರಳು. ಮರಳಿನ ಕ್ವಾರ್ಟ್ಜ್ ಕಣದ ಗಡಸುತನ ಮೋಸ್ ಅಳತೆಯಲ್ಲಿ 7, ಅಮೃತಶಿಲೆಯದು 3. ಆ ಹೋಲಿಕೆಯಲ್ಲೇ ಗೊತ್ತಾಗುತ್ತದೆ ಯಾರು ಯಾರನ್ನು ಗೀರುತ್ತಾರೆ ಅಂತ. ಬಾಗಿಲ ಹೊರಗೊಂದು ಒಳಗೊಂದು ಕಾಲೊರೆಸು ಇದ್ದರೆ ಯಾವ ಪಾಲಿಶ್ ಯಂತ್ರವೂ ಮಾಡದ ಕೆಲಸ ಆಗುತ್ತದೆ.

ಬಚ್ಚಲಿಗೆ ಹೊಳೆಯುವ ಟೈಲ್ಸ್ ಬೇಡವೇ ಬೇಡ. ಪೆಟ್ಟಿಗೆಯ ಮೇಲೋ ವಿವರಪಟ್ಟಿಯಲ್ಲೋ R9, R10, R11 ಅಂತ ಜಾರುವಿಕೆಯ ದರ್ಜೆ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. R10 ಕೇಳು, ನೀರು ಸುರಿಯುವ ಮೂಲೆಗೆ R11 ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕಿಂತ ಒರಟಾದದ್ದನ್ನು ಹಾಕಿದರೆ ಸೋಪಿನ ಕೊಳೆ ತೆಗೆಯಲು ಪ್ರತಿ ವಾರ ಬ್ರಷ್ ಹಿಡಿದು ಕೂರಬೇಕು. ಅಲ್ಲಿ ದೊಡ್ಡ ಟೈಲ್ಸ್ ಬೇಡ ಅನ್ನುವುದಕ್ಕೂ ಕಾರಣವಿದೆ. ನಾಲ್ಕೂ ಕಡೆಯಿಂದ ಒಂದು ತೂತಿನ ಕಡೆಗೆ ವಾಟ ಕೊಡಬೇಕಾದಾಗ ದೊಡ್ಡ ಟೈಲ್ ಬಾಗುವುದಿಲ್ಲ, ಕತ್ತರಿಸಿಯೇ ಕೂರಿಸಬೇಕು. ವಾಟ 80ಕ್ಕೆ 1 ಇರಲಿ, ಅಂದರೆ 2.4 ಮೀಟರ್ ಉದ್ದಕ್ಕೆ 3 ಸೆಂ.ಮೀ. ಇಳಿಕೆ. ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ತೂತು ಮುಚ್ಚಿ ನೀರು ನಿಲ್ಲಿಸಿ 24 ಗಂಟೆ ಬಿಡು. ಕೆಳಗಿನ ಚಾವಣಿಯಲ್ಲಿ ತೇವ ಕಂಡರೆ ಆಗ ಸರಿಪಡಿಸುವುದು ಸುಲಭ. ಎಲ್ಲ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡು. ಎಲ್ಲಾದರೂ ಕೊಚ್ಚೆ ನಿಂತರೆ ಹಣ ಪೂರ್ತಿ ಕೊಡುವ ಮೊದಲೇ ತೋರಿಸು.

ಎಷ್ಟು ತರಬೇಕು ಅನ್ನುವ ಲೆಕ್ಕದಲ್ಲಿ ಒಂದು ಚಿಕ್ಕ ಮೋಸ ಅಡಗಿದೆ. 2 ಅಡಿಗೆ 2 ಅಡಿ ಅಂತ ಕರೆಯುವ ಟೈಲ್ ಅಳೆದರೆ 60 ಸೆಂ.ಮೀ., ಅಂದರೆ 2 ಅಡಿಗೆ ಸ್ವಲ್ಪ ಕಡಿಮೆ. ಅದರ ವಿಸ್ತೀರ್ಣ 4 ಚದರ ಅಡಿಯಲ್ಲ, ಸುಮಾರು 3.87. 12ಕ್ಕೆ 14 ಅಡಿಯ ಕೋಣೆ 168 ಚದರ ಅಡಿ. ನಾಲ್ಕರಿಂದ ಭಾಗಿಸಿದರೆ 42 ಅಂತ ಬರುತ್ತದೆ, ನಿಜವಾಗಿ ಬೇಕಾಗುವುದು 44. ಕತ್ತರಿಸುವಾಗ ಒಡೆಯುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ 48ರ ಹತ್ತಿರ. ಓರೆಯಾಗಿ ಹಾಕಿಸುವುದಾದರೆ ನೂರಕ್ಕೆ ಹದಿನೈದು ಸೇರಿಸು. ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಬೇಕು. ಒಂದೇ ಹೆಸರಿನ ಟೈಲ್ ಬೇರೆ ಬ್ಯಾಚಿನಲ್ಲಿ ಬಣ್ಣವೂ ಚೂರು ಬೇರೆ, ಅಳತೆಯೂ ಚೂರು ಬೇರೆ ಇರಬಹುದು. ಅಂಗಡಿಯಲ್ಲೇ ಎರಡು ಟೈಲ್‌ಗಳನ್ನು ಮುಖಕ್ಕೆ ಮುಖ ಹಿಡಿದು ಅಂಚಿನಿಂದ ನೋಡು. ನಡುವೆ ಬೆಳಕು ಕಂಡರೆ ಬಾಗಿದೆ ಅಂತ ಅರ್ಥ. ಮರದ ಹಲಗೆಯಂಥ ಉದ್ದ ಟೈಲ್‌ಗಳಲ್ಲಿ ಈ ಬಾಗು ನಡುಮಧ್ಯದಲ್ಲಿ ಹೆಚ್ಚು. ಆದ್ದರಿಂದ ಅವನ್ನು ಇಟ್ಟಿಗೆಯ ಹಾಗೆ ಅರ್ಧಕ್ಕೆ ಸರಿಸಿ ಜೋಡಿಸಬಾರದು, ಮೂರನೇ ಒಂದು ಭಾಗ ಮಾತ್ರ ಸರಿಸಬೇಕು. ಇಲ್ಲದಿದ್ದರೆ ಪ್ರತಿ ಸಂದಿನಲ್ಲೂ ಕಾಲ್ಬೆರಳಿಗೆ ತಾಗುವ ಏರು.

ಕೂರಿಸುವ ದಿನ ನೀನು ಅಲ್ಲೇ ಇರು. ವಿಟ್ರಿಫೈಡ್ ನೀರು ಹೀರುವುದಿಲ್ಲ ಅಂದೆನಲ್ಲ, ಆ ಗುಣವೇ ಇಲ್ಲಿ ತೊಡಕು. ಸಿಮೆಂಟ್ ಹಾಲು ಅದರ ಬೆನ್ನಿಗೆ ಕಚ್ಚಿಕೊಳ್ಳುವುದಿಲ್ಲ. ಪಾಲಿಮರ್ ಬೆರೆತ ಟೈಲ್ ಅಂಟೇ ಬೇಕು. ಚೀಲದ ಮೇಲೆ ಬರೆದಷ್ಟೇ ನೀರು ಹಾಕಿ ಕಲಸಿ, ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಗುಂಡಗೆ ಸುತ್ತಿಸಿದರೆ ಗಾಳಿ ಹೊರಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ. ಐದು ಮುದ್ದೆ ಇಟ್ಟು ಮೇಲೆ ಟೈಲ್ ಒತ್ತುವ ಪದ್ಧತಿಗಂತೂ ಒಪ್ಪಲೇಬೇಡ. ಮೂರನೆಯದೋ ನಾಲ್ಕನೆಯದೋ ಟೈಲ್ ಕೂರಿಸಿದ ಕೂಡಲೇ ಅದನ್ನು ಎತ್ತಿ ತೋರಿಸಲು ಮೇಸ್ತ್ರಿಗೆ ಹೇಳು. ಬೆನ್ನಿನ ತುಂಬ ಅಂಟು ಹರಡಿರಬೇಕು, ಒಣ ಕೋಣೆಯಲ್ಲಿ ಕನಿಷ್ಠ ನೂರಕ್ಕೆ ಎಂಬತ್ತು, ಬಚ್ಚಲಲ್ಲಿ ತೊಂಬತ್ತೈದು. ಗೆರೆಗೆರೆಯಾಗಿ ಮಧ್ಯೆ ಖಾಲಿ ಕಂಡರೆ ಒಂದೋ ಕರಣೆಯ ಹಲ್ಲು ಚಿಕ್ಕದು, ಅಥವಾ ಅಂಟು ಆಗಲೇ ಒಣಗಿ ಕೆನೆ ಕಟ್ಟಿದೆ. ಹರಡಿದ ಅಂಟನ್ನು ಬೆರಳಿಂದ ಮುಟ್ಟಿ ನೋಡು. ಬೆರಳಿಗೆ ಅಂಟದಿದ್ದರೆ ಕೆರೆದು ತೆಗೆದು ಹೊಸದು ಹಾಕಬೇಕು. ಮೇಸ್ತ್ರಿಗೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಆಗಲಿ.

ಟೈಲ್‌ಗಳ ನಡುವೆ 2-3 ಮಿ.ಮೀ. ಸಂದು ಬಿಡಿಸು. ಸಂದೇ ಕಾಣದ ನೆಲ ಫೋಟೋದಲ್ಲಷ್ಟೇ ಚೆಂದ. ಗೋಡೆಯ ಪಕ್ಕದಲ್ಲಿ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮುಚ್ಚುವ ಹಾಗೆ ಸುಮಾರು 6-8 ಮಿ.ಮೀ. ಖಾಲಿ ಇರಲಿ, ಅದರಲ್ಲಿ ಸಿಮೆಂಟ್ ತುಂಬಿಸಬೇಡ. ಬಿಸಿಲಿಗೆ ನೆಲ ಹಿಗ್ಗಿದಾಗ ಹೋಗಲು ಜಾಗ ಸಿಗದಿದ್ದರೆ ಎರಡು ಟೈಲ್‌ಗಳು ಡೇರೆಯ ಹಾಗೆ ಮೇಲೆದ್ದು ಬಿಡುತ್ತವೆ. ಸಂದು ತುಂಬಲು ಅಡುಗೆಮನೆ, ಬಚ್ಚಲಿಗೆ ಎಪಾಕ್ಸಿ, ಉಳಿದೆಡೆ ಸಿಮೆಂಟ್ ಗ್ರೌಟ್. ಎಪಾಕ್ಸಿ ಮೆತ್ತಿಕೊಂಡದ್ದನ್ನು ಅದು ಗಟ್ಟಿಯಾಗುವ ಮೊದಲೇ ಒರೆಸಬೇಕು. ಮಾರನೇ ದಿನ ನೋಡೋಣ ಅಂದರೆ ಆ ಮಬ್ಬು ಸುಲಭಕ್ಕೆ ಬಿಡುವುದಿಲ್ಲ. ಕೊನೆಗೆ ಅಂಟು ಪೂರ್ತಿ ಗಟ್ಟಿಯಾದ ಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲಿನ ನಾಲ್ಕೂ ಮೂಲೆ ತಟ್ಟು. ಟೊಳ್ಳು ಸದ್ದು ಬಂದಲ್ಲಿ ಪೆನ್ಸಿಲ್ ಗುರುತು. ಮಷಿನ್ ನಿಲ್ಲುವ ಜಾಗದಲ್ಲಿ ಒಂದೇ ಒಂದು ಟೊಳ್ಳು ಮೂಲೆ ಇದ್ದರೂ ತೆಗೆಸಿ ಹಾಕಿಸು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ 60-70 ಕಿಲೋ ತೂಗುತ್ತದೆ. ಅದರೊಳಗೆ ಕಾಂಕ್ರೀಟ್ ಗಟ್ಟಿಗಳನ್ನೇ ಕಟ್ಟಿರುತ್ತಾರೆ. ಆ ಭಾರ ನಾಲ್ಕು ಚಿಕ್ಕ ಕಾಲುಗಳ ಮೇಲೆ ನಿಂತು, ಡ್ರಮ್ಮು ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ತಂದ ದಿನ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು, ಅಂದರೆ ಸಾಗಿಸುವಾಗ ಡ್ರಮ್ಮು ಅಲುಗದಂತೆ ಹಿಡಿದಿಡುವ ಬೋಲ್ಟ್‌ಗಳನ್ನು ತೆಗೆಯಬೇಕು, ಮೂರೋ ನಾಲ್ಕೋ ಇರುತ್ತವೆ. ತೆಗೆಯದೆ ಓಡಿಸಿದರೆ ಮಷಿನ್ ನೆಲದ ಮೇಲೆ ಕುಣಿಯುತ್ತದೆ, ಒಳಗೂ ಹಾನಿ. ರಸಮಟ್ಟ ಮೇಲಿಟ್ಟು ಕಾಲುಗಳನ್ನು ತಿರುಗಿಸಿ ಸಮ ಮಾಡಿದ ಮೇಲೆ ಪ್ರತಿ ಕಾಲಿನ ಲಾಕ್ ನಟ್ ಬಿಗಿ ಮಾಡುವುದನ್ನು ಮರೆಯಬೇಡ. ಅದು ಸಡಿಲ ಇದ್ದರೆ ಕಂಪನಕ್ಕೆ ಕಾಲು ತಾನಾಗಿ ತಿರುಗಿ ಮತ್ತೆ ಓಲಾಡುತ್ತದೆ. ಎದುರುಬದುರು ಮೂಲೆಗಳನ್ನು ಕೈಯಿಂದ ಒತ್ತಿ ನೋಡು, ಅಲುಗಬಾರದು.

ಹೊರಹೋಗುವ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ. ಎತ್ತರದಲ್ಲಿರಲಿ. ನೆಲದ ತೂತಿಗೇ ಬಿಟ್ಟರೆ ಸೈಫನ್ ಆಗಿ, ತುಂಬುತ್ತಿರುವ ನೀರು ಹಾಗೇ ಹೊರಗೆ ಹರಿಯುತ್ತದೆ. ಮಷಿನ್ ತುಂಬುತ್ತಲೇ ಇರುತ್ತದೆ, ನೀನು ಮೆಕ್ಯಾನಿಕ್ಕನ್ನು ಕರೆಯುತ್ತಲೇ ಇರುತ್ತೀ! ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಶುಭ್ರ ಅನ್ನುವುದು ಸುಳ್ಳು. ನೊರೆ ದಿಂಬಿನಂತೆ ನಡುವೆ ನಿಂತು ಬಟ್ಟೆ ಬಟ್ಟೆಗೆ ಉಜ್ಜದ ಹಾಗೆ ಮಾಡುತ್ತದೆ. ಉಳಿದ ಸೋಪು ಡ್ರಮ್ಮಿನ ಹಿಂದೆ ಲೋಳೆಗಟ್ಟಿ ವಾಸನೆ ಬರುತ್ತದೆ. ಒಗೆದಾದ ಮೇಲೆ ಬಾಗಿಲ ರಬ್ಬರಿನ ಮಡಿಕೆಯನ್ನು ಬೆರಳಿಂದ ಬಿಡಿಸಿ ಒರೆಸಿ, ಬಾಗಿಲು ಅರೆತೆರೆದು ಬಿಡು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾಗ ಮಾತ್ರ ಆ ಬಾಗಿಲ ಮೇಲೆ ಕಣ್ಣಿರಲಿ. ಕೆಳಗಿನ ಫಿಲ್ಟರ್ ತಿಂಗಳಿಗೊಮ್ಮೆ, ನೀರು ಬರುವ ಪೈಪಿನ ಬಾಯಲ್ಲಿರುವ ಜಾಲರಿ ಮೂರು ತಿಂಗಳಿಗೊಮ್ಮೆ ತೊಳೆ.

ಫ್ರಿಜ್‌ಗೆ ಇಷ್ಟು ಉಪಚಾರ ಬೇಡ. ಗೋಡೆಯಿಂದ ಸುಮಾರು 10 ಸೆಂ.ಮೀ. ದೂರ, ಮುಂದಿನ ಕಾಲು ಕೂದಲೆಳೆಯಷ್ಟು ಎತ್ತರ, ಒಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18. ಮಲಗಿಸಿ ತಂದಿದ್ದರೆ ನಿಲ್ಲಿಸಿ ನಾಲ್ಕು ಗಂಟೆ ಬಿಟ್ಟು ಸ್ವಿಚ್ ಹಾಕು, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು. ತರಕಾರಿ ಡಬ್ಬಿಯ ಕೆಳಗೆ ನೀರು ನಿಂತರೆ ಹೆದರಬೇಡ, ಹಿಂಗೋಡೆಯ ಚಿಕ್ಕ ತೂತು ಕಟ್ಟಿಕೊಂಡಿರುತ್ತದೆ. ಬಿಸಿನೀರು ಬಿಟ್ಟು ಮೃದುವಾದ ಕಡ್ಡಿಯಿಂದ ಬಿಡಿಸು. ಫ್ರೀಜರಿನ ಮಂಜಿಗೆ ಮಾತ್ರ ಚಾಕು ಹಾಕಬೇಡ. ಅದರ ಹಿಂದಿರುವ ತೆಳುವಾದ ಅಲ್ಯೂಮಿನಿಯಂ ತೂತಾದರೆ ಗ್ಯಾಸ್ ಹೋಯಿತು, ಫ್ರಿಜ್ಜೂ ಹೋದ ಹಾಗೇ.

ಮಲಗುವ ಕೋಣೆಗೆ ಲ್ಯಾಮಿನೇಟ್ ಮರದ ನೆಲ ಕೇಳಿದ್ದೆಯಲ್ಲ, ಹಾಕಿಸಬಹುದು. ಹಲಗೆಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಇಟ್ಟು ಆಮೇಲೆ ಜೋಡಿಸಲಿ. ಸುತ್ತ 8-10 ಮಿ.ಮೀ. ಬಿಡಲಿ. ಅದರ ಮೇಲೆ ಹಬೆಯ ಮಾಪ್ ಬೇಡ. ಹಲಗೆಯ ಒಳಗಿರುವುದು ಒತ್ತಿದ ಮರದ ನಾರು, ಸಂದಿನಲ್ಲಿ ನೀರಿಳಿದರೆ ಅಂಚು ಉಬ್ಬುತ್ತದೆ, ಒಣಗಿದರೂ ಇಳಿಯುವುದಿಲ್ಲ. ಎ.ಸಿ.ಯ ನೀರಿನ ಪೈಪು ಆ ಕೋಣೆಯಲ್ಲಿ ಹೋಗುವುದಾದರೆ ಅದರ ಇಳಿಜಾರನ್ನೂ ಆಗಲೇ ಪರೀಕ್ಷಿಸು.

ಇನ್ನು ಒರೆಸುವ ವಿಚಾರ. ಒಂದು ಬಕೆಟ್ಟಿನಲ್ಲಿ ಕ್ಲೀನರ್ ಹಾಕಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಸಾದಾ ನೀರು. ನೆಲ ಜಿಗುಟಾಗಿ ಪಾದದ ಗುರುತು ಮೂಡುತ್ತಿದ್ದರೆ ಸಾಮಾನ್ಯವಾಗಿ ಕ್ಲೀನರ್ ಹೆಚ್ಚಾಗಿದೆ ಅಂತ ಅರ್ಥ, ಕಡಿಮೆ ಆಗಿದೆ ಅಂತಲ್ಲ. ಟಾಯ್ಲೆಟ್ಟಿನ ಆಸಿಡ್ ಕಮೋಡ್ ಬಿಟ್ಟು ಬೇರೆಲ್ಲೂ ಇಳಿಯಕೂಡದು. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಅಮೃತಶಿಲೆಯ ಮೇಲೆ ಬಿದ್ದರೆ ಮಂಕಾದ ಕಲೆ ಬಿಡುತ್ತದೆ, ಅದರ ಹಬೆ ಸ್ಟೀಲ್ ನಲ್ಲಿಗೂ ಪಕ್ಕದಲ್ಲಿಟ್ಟ ಮಷಿನ್‌ಗೂ ತುಕ್ಕು ಹಿಡಿಸುತ್ತದೆ. ಬ್ಲೀಚ್ ಜೊತೆ ಅದು ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಎರಡು ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡ.

ಉಳಿದ ಟೈಲ್‌ಗಳಲ್ಲಿ ಏಳೆಂಟು ಎತ್ತಿಡು. ಅವು ಬಂದ ಪೆಟ್ಟಿಗೆಯ ಚೀಟಿ ಹರಿಯದಿರಲಿ, ಬ್ಯಾಚ್ ಸಂಖ್ಯೆ ಅದರ ಮೇಲಿದೆ. ಮಷಿನ್‌ನ ಟ್ರಾನ್ಸಿಟ್ ಬೋಲ್ಟ್‌ಗಳನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿಡು, ಮನೆ ಬದಲಿಸುವ ದಿನ ಹುಡುಕಬೇಕಾಗುವುದು ಅವನ್ನೇ.

ನಕ್ಷೆ ಗೀಚಿದ ಕೂಡಲೇ ಫೋಟೋ ಕಳಿಸು, ಬಾಣಗಳ ಸಮೇತ.

ನಿನ್ನ ಅಮ್ಮ