ಹಂಪಿ ಸಪ್ಪೆ ಅನ್ನಿಸಿದ್ದಕ್ಕೆ

ಪ್ರೀತಿಯ ಪುಟ್ಟಿ,

ಕಾಗದ ಬಂತು. ಬೇರೆ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಬಿಡು. ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ‘ಹಂಪಿಯಲ್ಲಿ ನಿಂತರೆ ಏನೂ ಅನ್ನಿಸಲಿಲ್ಲ ಅತ್ತೆ, ಕಾದಂಬರಿಯ ಊರೇ ನಿಜ, ಇದು ಬರೀ ಕಲ್ಲು ಅನ್ನಿಸಿತು, ಇನ್ನು ಇಂಥವನ್ನು ಓದಲ್ಲ’ ಅಂತ. ಅದನ್ನು ಓದಿ ನನಗೆ ನಿದ್ದೆ ಹತ್ತಲಿಲ್ಲ.

ನೀನು ಕೊಟ್ಟಿದ್ದ, ಸಲ್ಮಾನ್ ರಶ್ದಿಯ ವಿಜಯನಗರದ ಕಾದಂಬರಿ ‘ವಿಕ್ಟರಿ ಸಿಟಿ’ಯನ್ನು ನಾನೂ ಓದಿದ್ದೇನೆ. ಬೀಜ ಎರಚಿದರೆ ಊರು ಏಳುತ್ತೆ. ಅದರ ನಾಯಕಿ ಪಂಪ ಕಂಪನ 247 ವರ್ಷ ಬದುಕುತ್ತಾಳೆ. ಅದನ್ನು ತಲೆಯಲ್ಲಿ ತುಂಬಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಹೋದರೆ ಯಾವ ಮಂಟಪವಾದರೂ ಸಪ್ಪೆ ಕಾಣುತ್ತೆ, ಅಲ್ವಾ? ಆದರೂ ‘ಏನೂ ಅನ್ನಿಸಲಿಲ್ಲ’ ಅನ್ನೋದು ನನ್ನನ್ನು ಬಿಡುತ್ತಿಲ್ಲ.

ಯಾಕೆಂದರೆ ನನಗೂ ಹೀಗೆ ಆಗಿತ್ತು. ಮದುವೆಗೆ ಮುಂಚೆ ಮಾಸಪತ್ರಿಕೆಯ ಧಾರಾವಾಹಿ ಅಂದರೆ ಪ್ರಾಣ. ಮಾಂತ್ರಿಕರು, ಪಾಳುಕೋಟೆ, ರಾಜನ ಮಗನನ್ನು ಹೊತ್ತು ಹಾರುವ ಪಕ್ಷಿ. ಓದಿ ತಲೆ ಎತ್ತಿದರೆ ಅದೇ ಹಿತ್ತಲು, ಅದೇ ಪಾತ್ರೆ ರಾಶಿ. ಹೆದರಿಕೆಯಾಯಿತು. ಓದುವುದನ್ನೇ ಬಿಟ್ಟೆ. ಬಿಟ್ಟಿದ್ದಕ್ಕೆ ಹಿತ್ತಲೇನೂ ಚೆಂದವಾಗಲಿಲ್ಲ ಕಣೇ. ಎಷ್ಟೋ ವರ್ಷ ಕತೆಯೂ ಇಲ್ಲದೆ ಹೋಯಿತು, ಅಷ್ಟೆ. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತೆ.

ನೀರಾವರಿ ಕಚೇರಿ ಸೇರಿದ ಮೇಲೆ ಅಲ್ಲಿನ ಹಿರಿಯರೊಬ್ಬರು ಡೊಮಿಂಗೊ ಪಾಯಸ್ ಬರೆದದ್ದನ್ನು ಓದಲು ಕೊಟ್ಟರು. ಪೋರ್ಚುಗೀಸಿನವನು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದವನು. ರಾಯ ಕಟ್ಟಿಸುತ್ತಿದ್ದ ಒಂದು ಕೆರೆಯನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ, ಕಾಲಡಿಯ ನೆಲವೇ ಕಾಣದಷ್ಟು. ಏರಿ ಎರಡು ಮೂರು ಸಲ ಒಡೆಯಿತು. ಆಗ ದೇವರಿಗೆ ಬಲಿ ಬೇಕು ಅಂತಾಯಿತು. ಅರವತ್ತು ಜನರ ತಲೆ ಕಡಿಸಿದರು. ಯಾವ ಮಾಂತ್ರಿಕನ ಕತೆ ಓದಿದಾಗಲೂ ನನ್ನ ಮೈ ಹಾಗೆ ನಡುಗಿರಲಿಲ್ಲ. ಬೀಜದಿಂದ ಎದ್ದ ಊರಿನಲ್ಲಿ ಮಣ್ಣು ಹೊತ್ತವರ ಬೆವರೇ ಇಲ್ಲ ನೋಡು. ಆ ಕಾದಂಬರಿ ಮೇಲೆ ನನಗಿರುವ ಸಿಟ್ಟು ಅದೊಂದೇ. ಉಳಿದಂತೆ ತುಂಬಾ ಇಷ್ಟಪಟ್ಟು ಓದಿದೆ.

ಇತಿಹಾಸಕ್ಕೆ ಮಾಯೆ ಬೆರೆಸಿದ್ದರಿಂದ ನಿನ್ನ ತಲೆ ಕೆಟ್ಟಿತು ಅಂದುಕೊಂಡಿದ್ದರೆ, ಅದೂ ಸುಮ್ನೆ ಭಯ. ವಿಜಯನಗರದ ರಾಜಕುಮಾರ ಕುಮಾರ ಕಂಪಣನ ಹೆಂಡತಿ ಗಂಗಾದೇವಿ 14ನೇ ಶತಮಾನದಲ್ಲೇ ಗಂಡನ ಮದುರೆ ದಂಡಯಾತ್ರೆಯನ್ನು ಕಾವ್ಯ ಮಾಡಿದಳು. ಅದರಲ್ಲಿ ಎಲ್ಲಿಂದಲೋ ಬಂದ ಹೆಂಗಸೊಬ್ಬಳು ಅವನಿಗೆ ದಿವ್ಯ ಖಡ್ಗ ಕೊಡುತ್ತಾಳೆ. ಪಾಯಸ್ ಹಾಗೇ ಪೋರ್ಚುಗೀಸಿನಿಂದ ಬಂದ ಕುದುರೆ ವ್ಯಾಪಾರಿ ನೂನಿಜ್ ಕೂಡ, ನಾಯಿಗಳ ಮೇಲೇ ತಿರುಗಿ ಬಿದ್ದ ಮೊಲದ ಕತೆಯನ್ನು ತನ್ನ ಬರಹದಲ್ಲಿ ಸೇರಿಸಿದ್ದಾನೆ. ನಿನ್ನೊಬ್ಬಳ ಕಾಯಿಲೆ ಅಲ್ಲ ಇದು.

ಉಪದೇಶ ಮಾಡುವಷ್ಟು ದೊಡ್ಡವಳೇನೂ ಅಲ್ಲ ನಾನು. ಆದರೂ ಇನ್ನೊಂದು ಸಲ ಹೋಗು. ಬೆಳಿಗ್ಗೆ ಬೇಗ ಹೋಗು, ಮೇ ತಿಂಗಳು ಬೇಡ. ಮೊದಲು ಕಮಲಾಪುರದ ಮ್ಯೂಸಿಯಂನಲ್ಲಿ ಹಂಪಿಯ ಮಾದರಿ ಇದೆ, ಅದರ ಸುತ್ತ ಒಂದು ಸುತ್ತು ಬಾ. ರಥದ ಮುಂದೆ ಫೋಟೋ ಆದ ಮೇಲೆ ತುರ್ತಾ ಕಾಲುವೆ ಪಕ್ಕ ನಡಿ. ವಿಜಯನಗರದವರು ತೋಡಿದ್ದು, ಈಗಲೂ ಗದ್ದೆಗೆ ನೀರು ಹೋಗುತ್ತೆ. ರಾಬರ್ಟ್ ಸೀವೆಲ್‌ನ 1900ರ ಪುಸ್ತಕ ‘ಎ ಫರ್ಗಾಟನ್ ಎಂಪೈರ್’ನಲ್ಲಿ ಪಾಯಸ್, ನೂನಿಜ್ ಇಬ್ಬರದೂ ಇಂಗ್ಲಿಷಿನಲ್ಲಿದೆ. ಸಿಕ್ಕಿದರೆ ಓದು, ಇಲ್ಲದಿದ್ದರೆ ಬೇಡ.

ಅಷ್ಟೆಲ್ಲ ಮಾಡಿಯೂ ಏನೂ ಅನ್ನಿಸದಿದ್ದರೆ? ಆಗಲೂ ಓದುವುದನ್ನು ಮಾತ್ರ ಬಿಡಬೇಡ. ಕಾದಂಬರಿಗಳನ್ನು ಯಾರಿಗೋ ಕೊಟ್ಟುಬಿಡುತ್ತೇನೆ ಅಂದಿದ್ದೀಯಲ್ಲ, ಕೊಡುವುದಿದ್ದರೆ ನನಗೇ ಕಳಿಸು. ಅಂಚೆ ಖರ್ಚು ನಾನು ಕೊಡುತ್ತೇನೆ.

ನಿನ್ನ
ಅತ್ತೆ