ಹವಾಮಾನ ಪದಕೋಶದ ಡಿಜಿಟಲ್ ಪ್ರತಿಯಲ್ಲಿನ ತಪ್ಪುಗಳ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಡಿಜಿಟಲೀಕರಣ ವಿಭಾಗ

ವಿಷಯ: ಅಚ್ಚಾದ ಹವಾಮಾನ ಪದಕೋಶವನ್ನು ತಪ್ಪುತಪ್ಪಾಗಿ ಡಿಜಿಟಲ್ ಮಾಡಿಕೊಟ್ಟಿರುವುದು

ಮಾನ್ಯರೇ,

ನಮ್ಮ ಬಳಗದ ಹವಾಮಾನ ಪದಕೋಶವನ್ನು ಡಿಜಿಟಲ್ ರೂಪಕ್ಕೆ ತರಲು ನಿಮಗೆ ಒಪ್ಪಿಸಿದ್ದೆವು. ನೀವು ಕಳಿಸಿದ ಫೈಲುಗಳನ್ನು ಪುಸ್ತಕದ ಪಕ್ಕ ಇಟ್ಟುಕೊಂಡು ಓದಿದೆವು. ಈ ಕೆಲಸವನ್ನು ನಾವು ಒಪ್ಪಿಕೊಳ್ಳುವ ಹಾಗಿಲ್ಲ.

ದೊಡ್ಡ ತಪ್ಪು ಅಂಕಿಗಳದ್ದು. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯೊಳಗೆ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಅದು ಭಾರೀ ಮಳೆ. ನಿಮ್ಮ ಫೈಲಿನಲ್ಲಿ ಚುಕ್ಕಿ ಬಿಟ್ಟುಹೋಗಿ 645 ಮತ್ತು 1155 ಆಗಿದೆ. ಬಯಲು ಪ್ರದೇಶದಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇದ್ದರೆ ಬಿಸಿಗಾಳಿ ಎನ್ನುತ್ತಾರೆ. ನಿಮ್ಮಲ್ಲಿ ಅದು 45 ಡಿಗ್ರಿ ಜಾಸ್ತಿ! ಒಮ್ಮೆ ಕಣ್ಣಾಡಿಸಿದ್ದರೂ ಗೊತ್ತಾಗುತ್ತಿತ್ತು, ಅಲ್ವಾ? ಮೈನಸ್ ಗುರುತುಗಳೂ ಮಾಯವಾಗಿವೆ. ಮೈನಸ್ 10 ಡಿಗ್ರಿಯಲ್ಲೂ ಹೆಪ್ಪುಗಟ್ಟದೆ ಮೋಡದಲ್ಲಿ ಉಳಿಯುವ ನೀರಹನಿಗಳ ವಿವರಣೆ ಬರೀ 10 ಡಿಗ್ರಿಯಾಗಿ ಅರ್ಥವನ್ನೇ ಕಳೆದುಕೊಂಡಿದೆ.

ಈ ಕೋಶವನ್ನು ಬಳಸುವವರು ಮೇಷ್ಟ್ರುಗಳು, ಪತ್ರಿಕೆಯವರು, ರೈತರಿಗೆ ಹವಾಮಾನ ಸಲಹೆ ಬರೆಯುವವರು. ಅವರು ಇಲ್ಲಿನ ಅಂಕಿಯನ್ನು ನಂಬಿ ಹಾಗೇ ಎತ್ತಿಕೊಳ್ಳುತ್ತಾರೆ. ಅದಕ್ಕೇ ನಮಗೆ ಇಷ್ಟು ಸಂಕಟ.

ಹುಡುಕಾಟವೂ ನಡೆಯುತ್ತಿಲ್ಲ. ಯಾವ ಸಾಧನದಲ್ಲಾದರೂ ಓದಲು, ಹುಡುಕಲು ಬರುವ ಯೂನಿಕೋಡ್ ಅಕ್ಷರಗಳಲ್ಲಿ ಕೊಡುತ್ತೇವೆ ಎಂದು ಒಪ್ಪಿಕೊಂಡು, ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಕೊಟ್ಟಿದ್ದೀರಿ. ಮೊಬೈಲಿನಲ್ಲಿ ಆಲಿಕಲ್ಲು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಎರಡು ಕಾಲಂ ಇರುವ ಪುಟಗಳಲ್ಲಿ ಸಾಲುಗಳು ಅಡ್ಡಡ್ಡ ಸೇರಿಕೊಂಡು, ಮಂಜಿನ ವಿವರಣೆಗೆ ಮಿಂಚಿನ ವಾಕ್ಯ ಅಂಟಿದೆ. ‘ನೋಡಿ’ ಎಂದಿರುವ ಕಡೆ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ.

ಕೆಲಸ ಒಪ್ಪಿಸಿದ ದಿನವೇ ನಿಮಗೆ ಮಾದರಿ ತೋರಿಸಿದ್ದೆವು. ಅಮೆರಿಕನ್ ಮೀಟಿಯೊರಲಾಜಿಕಲ್ ಸೊಸೈಟಿಯ ಪದಕೋಶ 1959ರಲ್ಲಿ ಪುಸ್ತಕವಾಗಿ ಬಂತು, 2000ದಲ್ಲಿ ಅದರ ಎರಡನೇ ಆವೃತ್ತಿ. ಇವತ್ತು ಅದರಲ್ಲಿ ಒಂದೊಂದು ಪದಕ್ಕೂ ಒಂದು ಪುಟವಿದೆ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಇದೆ. ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸ್ ಕೂಡ 2017ರಲ್ಲಿ ಡಿಜಿಟಲ್ ಆಯಿತು. ನೋಡಿ, ಹೀಗೇ ಮಾಡಿಕೊಡುತ್ತೇವೆ ಎಂದವರು ನೀವು.

ಫೋನ್ ಮಾಡಿದರೆ ‘ಸಾಫ್ಟ್‌ವೇರ್ ಓದಿದ್ದು ಅಷ್ಟೇ’ ಎಂದರು ನಿಮ್ಮ ಸಿಬ್ಬಂದಿ. ಕರಡು ತಿದ್ದುವುದಕ್ಕೆ ಬಿಲ್ಲಿನಲ್ಲಿ ಬೇರೆ ದುಡ್ಡು ಹಾಕಿದ್ದೀರಲ್ಲ, ಅದು ಯಾವುದಕ್ಕೆ? ಹಿರಿಯರು ವರ್ಷಗಟ್ಟಲೆ ಕೂತು ಜೋಡಿಸಿದ ಪುಸ್ತಕ ಇದು. ನಮ್ಮಲ್ಲಿ ಉಳಿದಿದ್ದ ಒಳ್ಳೆಯ ಪ್ರತಿಯ ಬೈಂಡಿಂಗನ್ನೂ ಸ್ಕ್ಯಾನ್ ಮಾಡಲು ನೀವು ಬಿಚ್ಚಿಸಿದ್ದೀರಿ.

ಪ್ರತಿಯೊಂದು ಅಂಕಿ, ಮೈನಸ್ ಗುರುತು, ಅಳತೆಯನ್ನು ಮೂಲ ಪುಟದ ಜೊತೆ ಮನುಷ್ಯರೇ ಹೋಲಿಸಿ ತಿದ್ದಬೇಕು. ಪಠ್ಯ ಯೂನಿಕೋಡಿನಲ್ಲಿರಬೇಕು, ಪ್ರತಿ ಪದ ಬೇರೆಬೇರೆ ನಮೂದಾಗಿ, ಕೊಂಡಿಗಳ ಸಮೇತ ಬರಬೇಕು. ಸ್ಕ್ಯಾನ್ ಮಾಡಿದ ಮೂಲ ಚಿತ್ರಗಳನ್ನೂ ಬೈಂಡಿಂಗ್ ಹಾಕಿಸಿದ ಪುಸ್ತಕವನ್ನೂ ವಾಪಸ್ ಕೊಡಿ. ಅಲ್ಲಿಯವರೆಗೆ ಬಾಕಿ ಹಣ ಕೊಡುವುದಿಲ್ಲ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. ತಪ್ಪುಗಳನ್ನು ಗುರುತು ಮಾಡಿದ ಪುಟಗಳು ಈ ಪತ್ರದ ಜೊತೆಗಿವೆ.

ಇಂತಿ,
ಪದಕೋಶ ಬಳಗದ ಪರವಾಗಿ, ಸಂಚಾಲಕಿ